ಆ ಲಿಸ್ಟ್ ನಾ ತಿದ್ದೂದಿಲ್ಲ, ಅಣ್ಣಾ

ನಮ್ಮ ಮೌಶಿ ಮಗ, ಅಂದ್ರ ನನಗ ಅಣ್ಣಾ ಆಗಬೇಕು, ಹೋದ ಐತ್ವಾರ ಒಂದು ಎಕ್ಸೆಲ್ ಶೀಟ್ ಕಳಿಸಿದಾ. ಅವನ ಮಗಳು ಸಪ್ಟೆಂಬರದಾಗ ಜಪಾನಿಗೆ ಹೊಂಟಾಳ, ಒಂದು ವರ್ಷ ಎಕ್ಸ್‌ಚೇಂಜ್ ಸ್ಟೂಡೆಂಟ್ ಅಂತ. "ನೀ ಹೋಗಿ ಬಂದಾಕಿ, ಒಂದು ಸಲ ಕಣ್ಣಾಡಿಸು, ಏನರ ಬಿಟ್ಟಿದ್ರ ಸೇರಿಸು" ಅಂದಾ. ಶೀಟಿನ ಹೆಸರು 'ಡೂಸ್ ಆ್ಯಂಡ್ ಡೋಂಟ್ಸ್'. ಒಟ್ಟು 64 ಸಾಲು. ಚಹಾ ಆರೂ ತನಕಾ ಕೂತು ಓದಿದೆ. ಡೂಸ್ 9 ಇದ್ದವು. ಉಳಿದ 55 ಡೋಂಟ್ಸು.

ಟ್ರೇನಿನಾಗ ಫೋನ್ ಮಾತಾಡಬಾರದು. ಚಾಪ್‌ಸ್ಟಿಕ್ ಅನ್ನದಾಗ ನೆಟ್ಟಗ ಚುಚ್ಚಿ ನಿಲ್ಲಿಸಬಾರದು. ಪಾಯಖಾನಿ ಚಪ್ಪಲಿ ಹಾಕ್ಕೊಂಡು ಕೋಣ್ಯಾಗ ಬರಬಾರದು. ಮಂದಿ ಮುಂದ ಸುಂಬಳ ತಗೀಬಾರದು. ಟಿಪ್ ಕೊಡಬಾರದು. ರಾತ್ರಿ ವಾಶಿಂಗ್ ಮಷಿನ್ ಹಚ್ಚಬಾರದು. ಇವೇನು ಸುಳ್ಳಲ್ಲ, ಎಲ್ಲಾ ಖರೇನ ಅವ. ಆದ್ರ 64 ಸಾಲಿನಾಗ ಒಂದು ಸಾಲರ "ಆರಾಮ ಇಲ್ಲಂದ್ರ ಇಂಥವರಿಗೆ ಹೇಳು" ಅಂತ ಇರಲಿಲ್ಲ.

ಸಿಟ್ಟು ಮಾಡ್ಕೋಬ್ಯಾಡ ಅಣ್ಣಾ, ಆ ಲಿಸ್ಟ್ ನಾ ತಿದ್ದೂದಿಲ್ಲ. ಯಾಕ ಅಂತ ಇಲ್ಲೇ ಬರೀತೇನಿ. ನಿನ್ನಂಥಾ ಅಪ್ಪಂದಿರು, ನಮ್ಮವ್ವನಂಥಾ ಅವ್ವಂದಿರು ಇನ್ನೂ ಭಾಳ ಮಂದಿ ಇದ್ದಾರ, ಅವರೂ ಓದಲಿ.

ನಾ ಹೋದದ್ದು 2017ರಾಗ. ಅಲ್ಲೆ ಕಾಲೇಜು ಏಪ್ರಿಲ್‌ದಾಗ ಶುರು ಆಗ್ತಾವ, ಹಿಂಗಾಗಿ ಮಾರ್ಚ್ ಕಡೀಗೆ ಕನ್ಸಾಯಿ ವಿಮಾನ ನಿಲ್ದಾಣದಾಗ ಇಳದೆ. 23 ಕಿಲೋದ ಬ್ಯಾಗಿನಾಗ 8 ಕಿಲೋ ಬರೇ ಚಟ್ನಿಪುಡಿ, ಅವಲಕ್ಕಿ, ಕಡಕ್ ರೊಟ್ಟಿ. ಶೇಂಗಾ, ಗುರೆಳ್ಳು, ಅಗಸಿ ಮೂರೂ ಬ್ಯಾರೆ ಬ್ಯಾರೆ, ಮ್ಯಾಲೆ ಅವ್ವನ ಕೈಬರಹದ ಚೀಟಿ. ಇಳದ ಕೂಡ್ಲೆ ವಿಮಾನ ನಿಲ್ದಾಣದಾಗ ಒಂದು ಕಾರ್ಡ್ ಕೊಡ್ತಾರ, ಝಾಯ್‌ರ್ಯು ಕಾರ್ಡ್ ಅಂತ, ಪರದೇಶದವರು ಅದನ್ನ ಯಾವಾಗಲೂ ಕೂಡ ಇಟಗೊಂಡ ಅಡ್ಯಾಡಬೇಕು. ಉಳಕೊಳ್ಳೋ ಜಾಗಾ ನಿಕ್ಕಿ ಆಗಿ 14 ದಿವಸದೊಳಗ ಅಲ್ಲಿನ ವಾರ್ಡ್ ಆಫೀಸಿಗೆ ಹೋಗಿ ವಿಳಾಸ ಬರಸಬೇಕು. ಅಲ್ಲೇ ಆರೋಗ್ಯ ವಿಮಾನೂ ಮಾಡಿಸಬೇಕು. ಅದು ಆತಂದ್ರ ದವಾಖಾನಿ ಖರ್ಚಿನಾಗ ನಮ್ಮ ಪಾಲು ಬರೇ ನೂರಕ್ಕ 30. ಈ ವಿಮಾದ ಮಾತು ನೆನಪಿಟ್ಟುಕೊಳ್ರಿ, ಮುಂದ ಬರ್ತದ.

ಓರಿಯೆಂಟೇಶನ್ ಶುರು ಆದದ್ದು ಏಪ್ರಿಲ್‌ದ ಮದಲ್ನೇ ಸೋಮವಾರ. ಕಾಲೇಜಿನ ಹೆಸರು ಹೇಳೂದಿಲ್ಲ, ಊರಿಂದೂ ಇಲ್ಲ. ತೈವಾನ್, ವಿಯೆಟ್ನಾಂ, ಇಂಡೋನೇಶಿಯಾ, ಫ್ರಾನ್ಸ್, ಹಿಂಗ ನಾವು 40 ಮಂದಿ ಒಂದು ದೊಡ್ಡ ಹಾಲಿನಾಗ. ಹಲಗಿ ಮ್ಯಾಲೆ ಇಂಗ್ಲೀಷಿನಾಗ ಸ್ಲೈಡು. ಕಸದ್ದ ಒಂದೂವರಿ ತಾಸು ಹೇಳಿದ್ರು. ಸುಡೋ ಕಸ, ಸುಡಲಾರದ ಕಸ, ಪ್ಲಾಸ್ಟಿಕ್, ಬಾಟಲಿ. ಬಾಟಲಿ ಮುಚ್ಚಳ ಬ್ಯಾರೆ, ಮ್ಯಾಲಿನ ಲೇಬಲ್ ಬ್ಯಾರೆ, ಹಾಲಿನ ಡಬ್ಬಿ ತೊಳದು ಕತ್ತರಿಸಿ ಬಿಚ್ಚಿ ಒಣಗಿಸಬೇಕು. ಆಮ್ಯಾಲೆ ಗದ್ದಲ, ಸೈಕಲ್ ಎಲ್ಲೆ ನಿಲ್ಲಸಬಾರದು, ವಾರಕ್ಕ 28 ತಾಸಿನಕಿಂತಾ ಹೆಚ್ಚು ಪಾರ್ಟ್‌ಟೈಮ್ ಕೆಲಸ ಮಾಡಬಾರದು, ಮಾಡಿದ್ರ ವೀಸಾಕ್ಕ ಧಕ್ಕಿ. ನಡನಡುವ ಒಂದ ಶಬ್ದ ಮತ್ತ ಮತ್ತ ಬರ್ತಿತ್ತು. ನನ್ನ ಕಿವಿಗೆ "ಮೇವ್ ಹಾಕು, ಮೇವ್ ಹಾಕು" ಅಂದಂಗ ಕೇಳಸ್ತಿತ್ತು. ಹಳ್ಳ್ಯಾಗ ನಮ್ಮಜ್ಜ ಆಳಿಗೆ ಹೇಳ್ತಿದ್ದನಲ್ಲ, ಹಂಗ. ನಗು ತಡಕೊಂಡು ಮಗ್ಗಲಿನಾಕಿಗೆ ಕೇಳಿದೆ. ಮೇವಕು ಅಂದ್ರ ಇನ್ನೊಬ್ಬರಿಗೆ ತ್ರಾಸು, ಉಪದ್ರವ. ಮೇವಕು ಮಾಡಬ್ಯಾಡ್ರಿ ಅನ್ನೂದ ಆ ಎರಡು ದಿವಸದ ಪಾಠದ ಸಾರ.

ಸಾಯಂಕಾಲ ಸ್ವಾಗತದ ಊಟ ಇತ್ತು. ಯಾವುದರಾಗ ಮೀನು ಅದ, ಯಾವುದರಾಗ ಇಲ್ಲ ಅಂತ ಕೇಳಬೇಕಿತ್ತು. ಕೇಳಲಿಲ್ಲ, ಕೇಳಿದ್ರ ಮೇವಕು ಆದೀತು ಅಂತ. ಬರೇ ಸೂಪ್ ಕುಡದೆ, ಬಿಳೀ ಚೌಕ ತೋಫು ತೇಲ್ತಿದ್ದವು, ಛೊಲೋ ಇತ್ತು. ಆ ಸೂಪಿನ ಕಟ್ಟು ಸಾಧಾರಣ ಒಣಮೀನಿಂದ ಮಾಡ್ತಾರ ಅಂತ ಗೊತ್ತಾದದ್ದು ಆಮ್ಯಾಲೆ. ಅವ್ವಗ ಇನ್ನೂ ತನಕಾ ಹೇಳಿಲ್ಲ. ಈಗ ಇದನ್ನ ಓದಿದ್ರ ಓದಲಿ.

ಮಂಗಳವಾರ ಮುಂಜಾನೆ ಎದ್ದೆ, ಮೈ ಕೆಂಡ. ಕೈಕಾಲು ಹರಕೊಂಡು ಹೋಗ್ತಾವೇನೋ ಅನ್ನೂ ಹಂಗ ನೋವು. ಎರಡನೇ ದಿವಸನ ಗೈರುಹಾಜರ ಆದ್ರ ಏನು ತಿಳಕೊಂಡಾರು ಅಂತ ಒಂದು ಕ್ರೋಸಿನ್ ನುಂಗಿ ಹೋಗಿ ಅದ ಹಾಲಿನಾಗ ಅದ ಕುರ್ಚಿ ಮ್ಯಾಲೆ ಕೂತೆ. ಅವತ್ತಿನ ಒಂದು ಸ್ಲೈಡಿನಾಗ 119 ಅಂತ ಇತ್ತು, ಬೆಂಕಿ ಬಿದ್ರೂ ಅದ ನಂಬರ್, ಆ್ಯಂಬ್ಯುಲೆನ್ಸಿಗೂ ಅದ. ಕೆಳಗ ದಪ್ಪ ಅಕ್ಷರದಾಗ, ಸಣ್ಣ ಸಣ್ಣ ಕಾರಣಕ್ಕ ಕರೀಬ್ಯಾಡ್ರಿ. ನನ್ನ ಜ್ವರಾ ಸಣ್ಣ ಕಾರಣ ಅಂತ ನಾನ ತೀರ್ಮಾನಾ ಮಾಡಿಬಿಟ್ಟೆ.

ಬುಧವಾರ, ಗುರುವಾರ, ಶುಕ್ರವಾರ ಕೋಣಿ ಬಿಟ್ಟು ಹೊರಗ ಬರಲಿಲ್ಲ. ನೀರು, ಅವಲಕ್ಕಿ, ಕ್ರೋಸಿನ್. ನನಗ ಒಬ್ಬಾಕಿ ಟ್ಯೂಟರ್ ಕೊಟ್ಟಿದ್ರು. ಅಲ್ಲೆ ಪರದೇಶದ ಹುಡುಗರಿಗೆ ಸಹಾಯ ಮಾಡ್ಲಿಕ್ಕೆ ಜಪಾನಿ ಹುಡುಗರನ್ನ ನೇಮಸ್ತಾರ, ಅದಕ್ಕ ಅವರಿಗೆ ರೊಕ್ಕಾನೂ ಕೊಡ್ತಾರ. ಆಕಿಗೆ ಮೆಸೇಜ್ ಟೈಪ್ ಮಾಡಿದೆ. ಅಳಿಸಿದೆ. ಮತ್ತ ಮಾಡಿದೆ, ಮತ್ತ ಅಳಿಸಿದೆ. ವಿಮಾ ಕಾರ್ಡ್ ಇಲ್ಲ, ವಾರ್ಡ್ ಆಫೀಸಿಗೆ ಎಲ್ಲಾರನ್ನೂ ಕೂಡಿಸಿ ಕರಕೊಂಡು ಹೋಗೂದು ಮುಂದಿನ ಸೋಮವಾರ ಇತ್ತು. ಕಾರ್ಡ್ ಇಲ್ಲದ ದವಾಖಾನ್ಯಾಗ ಒಳಗ ಬಿಡೂದಿಲ್ಲ ಅಂತ ನನ್ನಷ್ಟಕ್ಕ ನಾನ ತಿಳಕೊಂಡಿದ್ದೆ. ಅವ್ವ ವಿಡಿಯೋ ಕಾಲ್ ಮಾಡಿದ್ರ ಕ್ಯಾಮೆರಾ ಬಂದ್ ಮಾಡಿ "ನೆಟ್ ಸರಿ ಇಲ್ಲವ್ವಾ" ಅಂದೆ. ಆಕಿನರ ಏನು ಮಾಡ್ಯಾಳು, ಹುಬ್ಬಳ್ಳ್ಯಾಗ ಕೂತು ಅತ್ತಾಳು, ಅಷ್ಟ.

ಶುಕ್ರವಾರ ಸಂಜಿಮುಂದ ಬಾಗಲಾ ಬಡದ್ರು. ಹಾಸ್ಟೆಲ್ ನೋಡ್ಕೊಳ್ಳೋ ಅಜ್ಜಾರು. ಆ ಹಾಸ್ಟೆಲಿನ ಬಾಗಲದಾಗ ಎಲ್ಲಾರ ಹೆಸರಿನ ಕಟ್ಟಿಗಿ ಪಟ್ಟಿ ತೂಗಹಾಕಿದ್ರು, ಹೊರಗ ಹೋಗೂಮುಂದ ತಿರುವಿ ಹಾಕಬೇಕು, ಬಂದಮ್ಯಾಲೆ ಮತ್ತ ತಿರುವಬೇಕು. ನನ್ನ ಪಟ್ಟಿ ಮೂರು ದಿವಸ ತಿರುವಿರಲಿಲ್ಲ, ಬೂಟೂ ಇಟ್ಟಲ್ಲೇ ಇದ್ದವು. ಅದನ್ನ ನೋಡಿ ಮ್ಯಾಲೆ ಬಂದಿದ್ರು. ನನ್ನ ಮಾರಿ ನೋಡಿದವರ ಕೆಳಗ ಓಡಿ ಟ್ಯೂಟರಿಗೆ ಫೋನ್ ಹಚ್ಚಿದ್ರು. ಇಬ್ಬರೂ ಕೂಡಿ ಹತ್ತು ಹೆಜ್ಜಿ ಮ್ಯಾಗಿನ ಕ್ಲಿನಿಕ್ಕಿಗೆ ಕರಕೊಂಡು ಹೋದ್ರು. ಹತ್ತು ಹೆಜ್ಜಿ ಅಂದ್ರ ಉತ್ಪ್ರೇಕ್ಷಾ ಆತು, ಆದ್ರ ನನ್ನ ಕಿಟಕಿಯಿಂದ ಕಾಣಸ್ತಿತ್ತು. ಮೂಗಿನಾಗ ಉದ್ದನ ಕಡ್ಡಿ ಹಾಕಿ ನೋಡಿದ್ರು. ಇನ್‌ಫ್ಲೂಯೆಂಜಾ. ಇದರ ಔಷಧ 48 ತಾಸಿನೊಳಗ ಶುರು ಮಾಡಿದ್ರ ಛೊಲೋ ಹತ್ತತದ, ನೀವು ತಡಾ ಮಾಡೀರಿ ಅಂದ್ರು ಡಾಕ್ಟರು. ಕಾರ್ಡ್ ಇಲ್ಲ ಅಂದದ್ದಕ್ಕ ಯಾರೂ ಹೊರಗ ಹಾಕಲಿಲ್ಲ. ಈಗ ಪೂರ್ತಿ ರೊಕ್ಕಾ ಕೊಡ್ರಿ, ರಸೀದಿ ಇಟಗೊಳ್ರಿ, ಇದ ತಿಂಗಳು ಕಾರ್ಡ್ ತಂದು ತೋರಿಸಿದ್ರ 70ರ ಪಾಲು ವಾಪಸ್ ಕೊಡ್ತೇವಿ ಅಂದ್ರು. ಕೊಟ್ರು ಸೈತ. ಇದು ಆ ಎರಡು ದಿವಸದ ಸ್ಲೈಡಿನಾಗ ಯಾವುದರಾಗ ಇತ್ತು? ಇರಲಿಲ್ಲ.

ಹೊಳ್ಳಿ ಬರೂಮುಂದ ಅಜ್ಜಾರು ಟ್ಯೂಟರ್ ಕಡೆ ತಿರುಗಿ ಜೋರಾಗಿ ಏನೋ ಅಂದ್ರು. ಯಾಕ ಹೇಳಲಿಲ್ಲಂತ ಈಕಿ, ಅಂತ ಕೇಳಲಿಕ್ಕೆ ಹತ್ಯಾರ ಅಂದ್ಲು ಆಕಿ. ನನಗ ಬಂದದ್ದು ಒಂದ ಶಬ್ದ. "ಮೇವಕು" ಅಂದೆ. ಅಜ್ಜಾರಿಗೆ ಖರೇನ ಸಿಟ್ಟು ಬಂತು. ಕೋಣ್ಯಾಗ ಸತ್ತು ಬಿದ್ದಿದ್ರ ಅದು ಮೇವಕು ಅಲ್ಲೇನು, ಅಂದ್ರಂತ.

ಸಿಟ್ಟು ಯಾಕ ಅಷ್ಟು ಬಂತು ಅನ್ನೂದು ಆಮ್ಯಾಲೆ ತಿಳೀತು. ಆ ದೇಶದಾಗ ಒಬ್ಬರ ಇದ್ದವರು ಮನ್ಯಾಗ ಸತ್ತು, ದಿವಸಗಟ್ಟಲೆ ಯಾರಿಗೂ ಗೊತ್ತಾಗೂದಿಲ್ಲ, ಅದಕ್ಕಂತನ ಒಂದು ಹೆಸರು ಅದ, ಕೊದೊಕುಶಿ. ಒಂಟಿ ಸಾವು. 2021ರ ಫೆಬ್ರುವರಿಯೊಳಗ ಒಂಟಿತನದ ಕೆಲಸ ನೋಡ್ಲಿಕ್ಕೆ ಸರಕಾರ ಒಬ್ಬ ಮಂತ್ರಿಗೆ ಜವಾಬ್ದಾರಿ ಕೊಟ್ಟಿತು. 2024ರ ಏಪ್ರಿಲ್ 1ರಿಂದ ಅದಕ್ಕ ಕಾಯ್ದೇನೂ ಬಂದದ. ಅಂದ್ರ ಯಾರಿಗೂ ತ್ರಾಸು ಕೊಡಬಾರದು ಅನ್ನೂ ಪಾಠದ ಬೆಲಿ ಎಷ್ಟು ಅಂತ ಅವರ ಲೆಕ್ಕಾ ಹಾಕಲಿಕ್ಕೆ ಹತ್ಯಾರ. ನಾವು ಅದ ಪಾಠನ ಎಕ್ಸೆಲ್‌ದಾಗ ಬರದು ಲ್ಯಾಮಿನೇಶನ್ ಮಾಡಿಸಿ 20 ವರ್ಷದ ಹುಡುಗೀ ಬ್ಯಾಗಿನಾಗ ಇಡ್ತೇವಿ.

ಇನ್ನೊಂದು ಮಾತು ಹೇಳಲೇಬೇಕು, ಹೇಳಲಿಕ್ಕೆ ನಾಚಿಕಿ ಬರ್ತದ. ಮಂಗಳವಾರ ನನ್ನ ಎಡಕ್ಕ ಕೂತಾಕಿ ತೈವಾನದಾಕಿ. ನನ್ನಿಂದ ಆಕಿಗೂ ಜ್ವರಾ ಹತ್ತಿತು. ಭಾಷಾದ ಪ್ಲೇಸ್‌ಮೆಂಟ್ ಪರೀಕ್ಷಾ ಆಕಿಗೆ ತಪ್ಪಿತು, ಹಿಂಗಾಗಿ ತನಗ ಬರೂದಕ್ಕಿಂತ ಒಂದು ಕ್ಲಾಸ್ ಕೆಳಗ ಕೂಡಬೇಕಾತು, ಪೂರಾ ಸೆಮಿಸ್ಟರ್. ಜಪಾನದ ಸಾಲಿ ಹುಡುಗರಿಗೆ ಈ ಜ್ವರಾ ಬಂದ್ರ, ಶುರು ಆಗಿ 5 ದಿವಸ ಕಳೀಬೇಕು, ಜ್ವರಾ ಬಿಟ್ಟ ಮ್ಯಾಲೂ 2 ದಿವಸ ಕಳೀಬೇಕು, ಅಲ್ಲೀ ತನಕಾ ಸಾಲಿಗೆ ಬರಬಾರದು ಅಂತ ನೇಮ ಅದ. ತ್ರಾಸು ಕೊಡಬಾರದು ಅಂತ ಬಾಯಿ ಮುಚಗೊಂಡು ಹೋಗಿ ಕೂತಾಕಿ ನಾ, ಆ ಹಾಲಿನಾಗ ಎಲ್ಲಾರಕಿಂತಾ ದೊಡ್ಡ ತ್ರಾಸು ಕೊಟ್ಟಾಕಿನೂ ನಾನ. ಒಂದ ಮೆಸೇಜ್ ಕಳಿಸಿದ್ರ ಮುಗೀತಿತ್ತು.

ಈಗ ಅಣ್ಣಾ ಅಂತಾನ, "ಓರಿಯೆಂಟೇಶನ್‌ನವರು ಹೇಳಿದ್ದನ್ನ ನೀ ತಪ್ಪು ತಿಳಕೊಂಡಿ, ಅದಕ್ಕ ಅವರೇನು ಮಾಡ್ಯಾರು?" ಒಪ್ಪಿದೆ, ಅರ್ಧಾ. ಉಳಿದ ಅರ್ಧಾ ನಮ್ಮ ಮನೀದು. ಮೇವಕು ಅನ್ನೂದನ್ನ ನಾ ಜಪಾನದಾಗ ಕಲೀಲಿಲ್ಲ, ಅಲ್ಲೆ ಹೆಸರು ಕಲತೆ ಅಷ್ಟ. ಪಾಠ ಇಲ್ಲೇ ಆಗಿತ್ತು. "ಯಾರ ಮನೀಗೆ ಹೋದ್ರೂ ಏನೂ ಬೇಡಬ್ಯಾಡ." "ನೀರು ಬೇಕಂದ್ರೂ ಸುಮ್ನ ಕೂಡು." "ಹೊಟ್ಟಿ ನೋವಂತ ಮಂದಿ ಮುಂದ ಹೇಳಬಾರದು." ಹೆಣ್ಣುಮಕ್ಕಳಿಗಂತೂ ಇದು ಹಾಲಿನ ಕೂಡನ ಕುಡಸ್ತೇವಿ. ನಮ್ಮಣ್ಣಗ ಜ್ವರಾ ಬಂದ್ರ ಇಡೀ ಮನೀ ಎದ್ದು ಕೂಡ್ತಿತ್ತು, ನನಗ ಬಂದ್ರ ನಾನ ಶುಂಠಿ ಕಷಾಯ ಮಾಡ್ಕೊಂಡು ಕುಡದು ಮಲಗ್ತಿದ್ದೆ, ಅದಕ್ಕ "ಎಷ್ಟು ಶಾಣ್ಯಾಳು" ಅಂತ ಹೊಗಳಿಸ್ಕೊಂತಿದ್ದೆ. ಅಂಥಾ ಶಾಣ್ಯಾ ಹುಡುಗೀನ ತಗೊಂಡು ಹೋಗಿ ಆ ಹಾಲಿನಾಗ ಕೂಡಿಸಿದ್ರ ಏನಾಗಬೇಕೋ ಅದ ಆತು.

ಓರಿಯೆಂಟೇಶನ್ ಎಲ್ಲಾ ಕೆಟ್ಟಿತ್ತು ಅಂತ ನಾ ಅನ್ನೂದಿಲ್ಲ. ಕಸದ ಪುಸ್ತಕ ಚಿತ್ರ ಹಾಕಿ ಎಷ್ಟು ಛಂದ ಮಾಡಿದ್ರಂದ್ರ, ಇವತ್ತಿಗೂ ನಮ್ಮ ಓಣ್ಯಾಗ ಹಸಿ ಕಸ ಒಣ ಕಸ ಬ್ಯಾರೆ ಮಾಡೂದ್ರಾಗ ನಾನ ಮುಂದ. ಎಲ್ಲಾಕಿಂತಾ ಛೊಲೋ ಅಂದ್ರ ಭೂಕಂಪದ ಲಾರಿ. ಬೆಂಕಿ ಆರಿಸೋ ಇಲಾಖೆಯವರು ತಂದಿದ್ರು. ಲಾರಿ ಹಿಂದ ಒಂದು ಸಣ್ಣ ಮನೀ ಕೋಣಿ, ಟೇಬಲ್ಲು, ಕುರ್ಚಿ. ನಾಲ್ಕು ಮಂದಿ ಹತ್ತಿ ಕೂಡಬೇಕು, ಅವರು ಬಟನ್ ಒತ್ತಿದ್ರ ಅಲಗಾಡಲಿಕ್ಕೆ ಹತ್ತತದ. ಜಪಾನದ ನಡುಕದ ಮಾಪನ 0ದಿಂದ 7ರ ತನಕಾ, 5ಕ್ಕ ಮತ್ತ 6ಕ್ಕ ಎರಡೆರಡು ಹಂತ, ಒಟ್ಟು 10. ನಮಗ 7 ತೋರಿಸಿದ್ರು. ಟೇಬಲ್ ಕಾಲು ಹಿಡಕೊಂಡು ನಾ ಚೀರಿದ್ದು ಕನ್ನಡದಾಗ, "ಅಯ್ಯವ್ವಾ" ಅಂತ. ಕೆಳಗ ಇಳದಮ್ಯಾಲೆ ಅವರು ಹೇಳಿದ್ದು ಏನು ಗೊತ್ತದ ಏನ್ರಿ? ತಲಿ ಕಾಯ್ಕೋರಿ, ಆಮ್ಯಾಲೆ ಬಾಗಲಾ ತಗೀರಿ, ಸಿಗಬಿದ್ರ ಗೋಡಿ ಬಡದು ಸಪ್ಪಳಾ ಮಾಡ್ರಿ, ಕೂಗ್ರಿ. ಎರಡು ದಿವಸದಾಗ ಸಪ್ಪಳಾ ಮಾಡ್ರಿ ಅಂತ ಹೇಳಿದವರು ಅವರೊಬ್ಬರ. ಭೂಕಂಪಕ್ಕ ಅನ್ವಯ ಆಗೂದು ಜ್ವರಕ್ಕ ಯಾಕ ಆಗಬಾರದು?

ಭಾಷಾದ ಮಾತು ಬಿಟ್ರ ನನ್ನ ಸಿಟ್ಟು ಅರ್ಧಕ್ಕ ನಿಂತಂಗ. ನಾವು ಜಪಾನಿಗೆ ಇಂಗ್ಲೀಷಿನ ಬಾಗಲದಿಂದ ಹೋಗ್ತೇವಿ, ಅದು ನಮ್ಮ ದೊಡ್ಡ ತಪ್ಪು. ಇಂಗ್ಲೀಷಿನಾಗ ಹೇಳಿಕೊಟ್ರ ಆ ಭಾಷಾ ಉಲ್ಟಾ ಅನಸ್ತದ, ಕನ್ನಡದಾಗ ಹಿಡದ್ರ ನೆಟ್ಟಗ ಅದ. ಕ್ರಿಯಾಪದ ಕಡೀಗೆ, ವಿಭಕ್ತಿ ಹಿಂದ. ಅವರ ಅಕ್ಷರಮಾಲಿ ಅ ಇ ಉ ಎ ಒ, ಆಮ್ಯಾಲೆ ಕ ಕಿ ಕು ಕೆ ಕೊ, ನಮ್ಮ ಕಾಗುಣಿತದ ಬಳ್ಳಿನ. ಬೌದ್ಧ ಭಿಕ್ಷುಗಳು ಸಂಸ್ಕೃತದ ಲಿಪಿ ಅಭ್ಯಾಸ ಮಾಡಿ ಆ ಕ್ರಮ ಅಲ್ಲಿಗೆ ಒಯ್ದದ್ದು. ನಾವು "ತಿಂದು ನೋಡು" ಅಂದ್ರ ಅವರೂ ತಿನ್ನೂದಕ್ಕ ನೋಡೂದನ್ನ ಹಚ್ಚಿ "ತಾಬೆತೆ ಮಿರು" ಅಂತಾರ. "ಬರದು ಕೊಡ್ರಿ" ಅನ್ನೂದು "ಕಾಯ್‌ತೆ ಕುದಾಸಾಯ್". ಮನೀ ಬಿಡೂಮುಂದ ನಾವು "ಹೋಗ್ತೇನಿ" ಅನ್ನೂದಿಲ್ಲ ಹೌದಿಲ್ಲೊ, "ಹೋಗಿ ಬರ್ತೇನಿ" ಅಂತೇವಿ. ಅವರೂ ಅದನ್ನ ಅಂತಾರ, "ಇತ್ತೆ ಕಿಮಾಸ್", ಹೋಗಿ ಬರ್ತೇನಿ. ಹಾಸ್ಟೆಲ್ ಅಜ್ಜಾರು ದಿನಾ ಮುಂಜಾನೆ "ಇತ್ತೆ ರಾಶ್ಶಾಯ್" ಅಂತಿದ್ರು, ಹೋಗಿ ಬಾ ಅಂತ. ಮದಲ್ನೇ ಸಲ ಅದರ ಅರ್ಥ ತಿಳದಾಗ ಹಾಸ್ಟೆಲ್ ಬಾಗಲದಾಗ ನಿಂತು ಅತ್ತುಬಿಟ್ಟೆ. ಅಜ್ಜಾರು ಮತ್ತ ಜ್ವರಾ ಬಂತೇನೋ ಅಂತ ಹೆದರಿದ್ರು.

ಜ್ವರಕ್ಕ ನೆತ್ಸು ಅಂತಾರ. ಆರಿಮಾಸ್ ಅಂದ್ರ ಅದ. ನೆತ್ಸು ಗಾ ಆರಿಮಾಸ್. ಜ್ವರಾ ಅದ. ಇಂಗ್ಲೀಷಿನವರಂಗ ಜ್ವರಾನ ನಾ ಇಟಗೊಂಡೇನಿ ಅನ್ನೂ ಕಟಿಪಿಟಿ ಇಲ್ಲ. ಧಾರವಾಡದ ಯಾವ ಕೂಸಾದ್ರೂ ಎರಡು ನಿಮಿಷದಾಗ ಕಲೀತದ. ನನ್ನ ಬ್ಯಾಗಿನಾಗ 8 ಕಿಲೋ ತಿನಸು ತುಂಬಿದ ಮಂದಿ ಈ ಮೂರು ಶಬ್ದ ತುಂಬಲಿಲ್ಲ. ಎರಡು ದಿವಸ ನನಗ ತಲಿ ಬಾಗಸೋ ಕೋನ ಕಲಿಸಿದವರೂ ಕಲಿಸಲಿಲ್ಲ.

ಮತ್ತ ಆ ವಾಟ್ಸ್ಯಾಪ್ ಫಾರ್ವರ್ಡು. ಜಪಾನಿ ಮಕ್ಕಳು ಸಾಲ್ಯಾಗ ಕಸಾ ಹೊಡೀತಾರ, ನೋಡಿ ಕಲೀರಿ. ಹೊಡೀತಾರ, ನಾನೂ ನೋಡೇನಿ. ಆದ್ರ ಅವರು ಕೇಳೂದನ್ನೂ ನೋಡೇನಿ, ಅದನ್ನ ಯಾರೂ ಫಾರ್ವರ್ಡ್ ಮಾಡೂದಿಲ್ಲ. ಓಣಿ ಓಣಿಗೆ ಕೋಬಾನ್ ಅಂತ ಸಣ್ಣ ಪೊಲೀಸ್ ಚೌಕಿ, ಅಲ್ಲೆ ಮಂದಿ ದಾರಿ ಕೇಳಲಿಕ್ಕೆ ಹೋಗ್ತಾರ. ಊರಿನ ಸುದ್ದಿಯ ಹಲಗಿ ಒಂದು ಮನಿಯಿಂದ ಇನ್ನೊಂದು ಮನಿಗೆ ಕೈಯಿಂದ ಕೈಗೆ ಹೋಗ್ತದ. 'ಸುಮಿಮಾಸೆನ್' ಅಂತ ದಿನಕ್ಕ ನೂರು ಸಲ ಅಂತಾರ, ಅದು ಬರೇ ಕ್ಷಮಾ ಕೇಳೂ ಶಬ್ದಲ್ಲ, "ಇಲ್ಲೆ ನೋಡ್ರಿ, ಒಂದು ಸ್ವಲ್ಪ" ಅಂತ ಕರಿಯೂ ಶಬ್ದನೂ ಹೌದು. ಬ್ಯಾಂಕಿನವರು ನನಗ ಫೋನ್ ನಂಬರ್ ಇಲ್ಲದ ಖಾತೆ ಇಲ್ಲ ಅಂದ್ರು, ಫೋನಿನವರು ಬ್ಯಾಂಕ್ ಖಾತೆ ಇಲ್ಲದ ನಂಬರ್ ಇಲ್ಲ ಅಂದ್ರು. ಆ ಗಂಟು ಬಿಚ್ಚಿದ್ದು ಟ್ಯೂಟರ್ ಹುಡುಗಿ, ಮೂರು ಕೌಂಟರಿನಾಗ ಸುಮಿಮಾಸೆನ್ ಅಂದು ಕೇಳಿ. ಕುಲಕರ್ಣಿ ಅಂತ ಮುದ್ರಿ ಮಾಡಿಸ್ಲಿಕ್ಕೂ ಆಕಿನ ಬೇಕಾತು. ಅವರ ಅಕ್ಷರದಾಗ ಬರದದ್ದಕ್ಕ ಅದು ಕುರುಕರುನಿ ಆತು, ಆ ಮಾತು ಬ್ಯಾರೆ.

ಅಣ್ಣಗ ಫೋನ್ ಮಾಡಿ ಇಷ್ಟೂ ಹೇಳಿದೆ. "ಹಂಗಂದ್ರ ಲಿಸ್ಟ್ ಬ್ಯಾಡಂತೀಯೇನು? ಹೋಗಿ ಎಡವಟ್ಟು ಮಾಡಿದ್ರ ನಗೂದಿಲ್ಲೇನು ಮಂದಿ?" ಅಂದಾ. ನಗಲಿ. ಪಾಯಖಾನಿ ಚಪ್ಪಲಿ ಹಾಕ್ಕೊಂಡು ಕಾರಿಡಾರಿನಾಗ ಬಂದ ಹುಡುಗಿಗೆ ಅವರು ನಕ್ಕು ಸುಮ್ನಾಗ್ತಾರ, ನನಗೂ ನಕ್ಕಾರ. ಮೂರು ದಿವಸ ಬಾಗಲಾ ತಗೀಲಾರದ ಹುಡುಗಿಗೆ ಯಾರೂ ನಗೂದಿಲ್ಲ. ಅಣ್ಣಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮ್ಯಾಲೆ, "ಆಕಿಗೆ ಕೊಡ್ತೇನಿ, ನೀನ ಹೇಳು" ಅಂತ ಫೋನ್ ಮಗಳ ಕೈಯಾಗ ಕೊಟ್ಟಾ.

ಆಕಿಗೆ ಮೂರು ಸಾಲು ಹೇಳಿ ಬರಸಿದೆ, ಕನ್ನಡದಾಗ. ನೆತ್ಸು ಗಾ ಆರಿಮಾಸ್. ತಾಸುಕೆತೆ ಕುದಾಸಾಯ್, ಅಂದ್ರ ಸಹಾಯ ಮಾಡ್ರಿ. ಮೂರನೇದು ಇತ್ತೆ ಕಿಮಾಸ್. ಇಳದ ಎರಡನೇ ದಿವಸನ ಟ್ಯೂಟರ್ ನಂಬರ್, ಹಾಸ್ಟೆಲ್ ನೋಡ್ಕೊಳ್ಳೋರ ನಂಬರ್ ಎರಡೂ ನನಗ ಕಳಿಸು ಅಂದೆ, ವಾರ್ಡ್ ಆಫೀಸಿಗೆ ಗುಂಪಿನ ಹಾದಿ ಕಾಯಬ್ಯಾಡ, ಟ್ಯೂಟರ್‌ನ ಕರಕೊಂಡು ಮದ್ಲ ಹೋಗಿ ವಿಮಾ ಮಾಡಿಸು ಅಂದೆ. ಆಕಿ ಎಲ್ಲಾ ಬರಕೊಂಡ್ಲು. ಜೋರಾಗಿ ಅಂದು ತೋರಸು ಅಂದೆ. ಸಣ್ಣ ದನಿಯಾಗ ಅಂದ್ಲು. ಇನ್ನೂ ಜೋರಾಗಿ ಅಂದೆ. ಹಿಂದಿನಿಂದ ಅಣ್ಣಾ, "ಏ, ಸಾವಕಾಶ, ಮಗ್ಗಲಿನ ಫ್ಲ್ಯಾಟಿನವರು ಏನಂದಾರು" ಅನ್ನೂದು ಕೇಳಿಸ್ತು.